ಕೈ ಬೀಸಿದರೆ ಚಿಮಣಿ

(ಬೆಂಗಳೂರಿನ ಫ್ಲ್ಯಾಟ್. ಒಲೆಯ ಮೇಲೆ ಹೊಸ ಚಿಮಣಿ.)

ಅತ್ತೆ: ಸ್ವಿಚ್ಚೆಲ್ಲಿ ಇದಕ್ಕೆ?

ಸೊಸೆ: ಮುಟ್ಟೋದೇ ಬೇಡ ಅತ್ತೆ. ಎಡದಿಂದ ಬಲಕ್ಕೆ ಕೈ ಬೀಸಿದ್ರೆ ಶುರು, ಬಲದಿಂದ ಎಡಕ್ಕೆ ಬೀಸಿದ್ರೆ ಬಂದ್. ಒಳಗಿಂದ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬರುತ್ತೆ. ಕೈಗೆ ತಾಗಿ ವಾಪಸ್ ಹೋದ್ರೆ ಅದಕ್ಕೆ ಗೊತ್ತಾಗುತ್ತೆ.

(ಅತ್ತೆ ಕೈಯನ್ನು ಮೂರು ಸುತ್ತು ಸುತ್ತಿಸುತ್ತಾರೆ.)

ಸೊಸೆ: ಮಂಗಳಾರತಿ ಅಲ್ಲ ಅತ್ತೆ, ಅಡ್ಡ ಬೀಸಿ!

(ಎಣ್ಣೆ ಕೈಯಲ್ಲಿ ಫಲಕ ಮುಟ್ಟದಿರಲಿ ಎಂದೇ ಈ ಏರ್ಪಾಡು. ಆದರೆ ಒಗ್ಗರಣೆ ಹಾಕುವ ಕೈ ಒಂದು ಕಡೆ ನಿಲ್ಲುವುದಿಲ್ಲ ಎಂದು ಕಂಪನಿಯವರಿಗೆ ಯಾರೂ ಹೇಳಿದಂತಿಲ್ಲ. ಇಂಗಿನ ಡಬ್ಬಿಗೆ ಕೈ ಚಾಚಿದರೆ ಚಿಮಣಿ ಭೋರೆನ್ನುತ್ತದೆ, ನೊಣ ಓಡಿಸಿದರೆ ನಿಲ್ಲುತ್ತದೆ.)

ಮಾವ: (ಹಾಲ್‌ನಿಂದ) ಕೈ ಬೀಸಿ ಕರೆದ್ಯಾ?

ಅತ್ತೆ: ಚಿಮಣಿನ ಕರೆದೆ. ಅದಾದ್ರೂ ಬರುತ್ತೆ. ನಿಮಗೆ ಮದುವೆ ಆದಾಗಿಂದ ಬೀಸ್ತಿದ್ದೀನಿ, ಒಂದು ಲೋಟ ಎತ್ತಿಡಲಿಲ್ಲ.

ಮಾವ: ಇರಲಿ. ಈ ಫ್ರಿಜ್ ಯಾಕೆ ರಾತ್ರಿ ನಾನು ಹತ್ತಿರ ಹೋದ ಕೂಡಲೇ ಜಗಮಗ ಅನ್ನುತ್ತೆ?

ಸೊಸೆ: ಬಾಗಿಲಲ್ಲಿ ಸೆನ್ಸರ್ ಇದೆ ಮಾವ. ಯಾರಾದ್ರೂ ಹತ್ತಿರ ಬಂದ್ರೆ ಪರದೆ ಬೆಳಗುತ್ತೆ.

ಅತ್ತೆ: ರಾತ್ರಿ ಫ್ರಿಜ್ ಹತ್ತಿರ ನಿಮಗೇನು ಕೆಲಸ?

ಮಾವ: ನೀರು...

ಅತ್ತೆ: ನೀರು ಹೂಜಿಯಲ್ಲಿದೆ. ಫ್ರಿಜ್‌ನಲ್ಲಿರೋದು ಹೋಳಿಗೆ. ನಿಮಗಿರೋದು ಶುಗರ್.

ಮಾವ: ಆ ಸೆನ್ಸರ್ ಆಫ್ ಮಾಡೋಕಾಗಲ್ವೇನಮ್ಮ?

ಸೊಸೆ: ಆಗುತ್ತೆ ಮಾವ, ಆ್ಯಪ್‌ನಲ್ಲಿ. ಪಾಸ್‌ವರ್ಡ್ ಅತ್ತೆ ಹತ್ರ ಇದೆ.