ಗಾಳಿ ಬಂದಾಗ ಓಡಿಕೋ

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ವಿಮಾನಪುರದಲ್ಲಿ. ಬಡಾವಣೆಗೆ ಇಂಥ ಹೆಸರಿಟ್ಟು ಆಮೇಲೆ ಹುಡುಗ ಕೆಟ್ಟ ಅಂದರೆ ಅದು ಯಾರ ತಪ್ಪು? ಅಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್. ಶಾಲೆಯಲ್ಲಿ ಮೇಷ್ಟ್ರು ಮಗ್ಗಿ ಹೇಳಿಸುವಾಗ ಜೆಟ್ ಹಾರಿದರೆ ಅರ್ಧ ಮಗ್ಗಿ ಅದರ ಸದ್ದಿನಲ್ಲೇ ಮುಳುಗಿಹೋಗುತ್ತಿತ್ತು. ಹದಿನೇಳರ ಮಗ್ಗಿ ನನಗೆ ಇವತ್ತಿಗೂ ಬರುವುದಿಲ್ಲ, ಆದರೆ ಯಾವ ವಿಮಾನ ಅಂತ ಸದ್ದು ಕೇಳಿಯೇ ಹೇಳಬಲ್ಲೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ನಮ್ಮ ಏರ್‌ಪೋರ್ಟ್ ಬಿಟ್ಟು ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ ಗಂಟುಮೂಟೆ ಕಟ್ಟಿದಾಗ ಊರಿಗೆಲ್ಲ ಅಷ್ಟು ದೂರ ಹೋಗೋದು ಹೇಗಪ್ಪಾ ಅನ್ನುವ ಚಿಂತೆ. ನಮ್ಮನೆಯಲ್ಲಿ ಒಬ್ಬನಿಗೆ ಮಾತ್ರ ಸೂತಕ.

ಈಗ ತಾರಸಿಯ ಮೇಲೆ ನನ್ನದೊಂದು ಪುಟ್ಟ ಆಂಟೆನಾ ಇದೆ. ವಿಮಾನಗಳು ತಾವು ಯಾರು, ಎಷ್ಟು ಎತ್ತರದಲ್ಲಿದ್ದೇವೆ, ಎಷ್ಟು ವೇಗ ಅಂತ 1090 ಮೆಗಾಹರ್ಟ್ಸ್‌ನಲ್ಲಿ ತಾವೇ ಸಾರಿಕೊಂಡು ಹೋಗುತ್ತವೆ. ಅದನ್ನು ಹಿಡಿದು ಕಂಪ್ಯೂಟರಿಗೆ ಕೊಡುವುದು ಆಂಟೆನಾದ ಕೆಲಸ. ಹಪ್ಪಳ ಒಣಗಿಸುವ ಜಾಗಕ್ಕೂ ಅದಕ್ಕೂ ಗಡಿ ತಕರಾರು ನಡೆದೇ ಇದೆ. ಸಂಜೆ ಹೊತ್ತು ನಾನು ಹಾಲ್‌ನಿಂದ, “ಲೇ, ನಮ್ಮ ತಲೆ ಮೇಲೆ ಈಗ ಹೋಗ್ತಿರೋದು ಕೊಲಂಬೊ ವಿಮಾನ, ಮೂವತ್ತೇಳು ಸಾವಿರ ಅಡಿ!” ಅಂತ ಕೂಗುತ್ತೇನೆ. ಅಡುಗೆಮನೆಯಿಂದ ಉತ್ತರ ಬರುತ್ತದೆ: “ಕುಕ್ಕರು ಎಷ್ಟು ಕೂಗ್ತು ಅಂತ ಲೆಕ್ಕ ಇಟ್ರಾ?”

ನೆಂಟರ ವಿಷಯ ಬೇಡ. ಇವನಿಗೆ ವಿಮಾನದ ಹುಚ್ಚು ಅಂದ ತಕ್ಷಣ ಅವರ ಮೊದಲ ಪ್ರಶ್ನೆ, “ದೆಹಲಿಗೆ ಟಿಕೆಟ್ ಕಡಿಮೆಗೆ ಸಿಗುತ್ತೇನೋ?” ಎಲ್ಲಾದರೂ ವಿಮಾನ ಬಿದ್ದರೆ ಸಾಕು, ಅದರ ಹೊಗೆ ಆರುವ ಮೊದಲೇ “ಯಾಕೆ ಬಿತ್ತು?” ಅಂತ ಫೋನು. ತನಿಖೆಗೆ ವರ್ಷಗಟ್ಟಲೆ ಹಿಡಿಯುತ್ತೆ ಕಣ್ರೀ ಅಂದರೆ, “ಟೀವಿಯವರು ಆಗಲೇ ಹೇಳಿಬಿಟ್ರಲ್ಲ” ಅನ್ನುತ್ತಾರೆ. ಹಾಗಿದ್ದ ಮೇಲೆ ನನ್ನನ್ನೇಕೆ ಕೇಳಬೇಕು?

ಓಟ ಶುರುವಾದದ್ದು ಡಾಕ್ಟರಿಂದ. ರಕ್ತಪರೀಕ್ಷೆಯ ಚೀಟಿ ನೋಡಿ, “ತೂಕ ಇಳಿಸಿ, ದಿನಾ ವಾಕಿಂಗ್ ಮಾಡಿ” ಅಂದರು. ಎ320 ನಿಯೋ ವಿಮಾನ ಸುಮಾರು 79 ಟನ್ ತೂಗಿಕೊಂಡೇ ಮೇಲೇಳುತ್ತದೆ, ನನ್ನದೇನು ಮಹಾ ಅನ್ನುವ ವಾದ ಬಾಯ್ತುದಿಗೆ ಬಂದಿತ್ತು. ಹೆಂಡತಿ ಪಕ್ಕದಲ್ಲಿದ್ದಳು, ನುಂಗಿಕೊಂಡೆ. ಆದರೆ ವಾಕಿಂಗ್ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ವಾಕಿಂಗ್ ಅಂದರೆ ಟ್ಯಾಕ್ಸಿಯಿಂಗ್, ವಿಮಾನ ರನ್‌ವೇವರೆಗೆ ನೆಲದ ಮೇಲೆ ತೆವಳುವ ಹಾಗೆ. ಅರ್ಧ ಆಯುಸ್ಸು ಅದರಲ್ಲೇ ಹೋಗಿದೆ, ಇನ್ನು ಟೇಕಾಫ್ ಆಗಲೇಬೇಕು ಅಂತ ಬೂಟು ಕೊಂಡು ತಂದೆ. ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಟೇಕಾಫ್‌ನಲ್ಲಿ ವಿ-ಒನ್ ಅಂತ ಒಂದು ವೇಗವಿದೆ. ಅದಕ್ಕೆ ಮುಂಚೆ ಏನಾದರೂ ಕೆಟ್ಟರೆ ಪೈಲಟ್ ಬ್ರೇಕ್ ಒತ್ತಿ ನಿಲ್ಲಬಹುದು. ಅದನ್ನು ದಾಟಿದ ಮೇಲೆ ಒಂದು ಇಂಜಿನ್ ಕೈಕೊಟ್ಟರೂ ಹಾರಲೇಬೇಕು, ಯಾಕೆಂದರೆ ನಿಲ್ಲಲು ರನ್‌ವೇ ಸಾಲುವುದಿಲ್ಲ. ನನ್ನ ವಿ-ಒನ್ ಇರುವುದು ಪಾರ್ಕಿಗೆ ಹೋಗುವ ದಾರಿಯ ದರ್ಶಿನಿಯಲ್ಲಿ. ಬೆಳಗಿನ ಮೊದಲ ಒಬ್ಬೆ ಇಡ್ಲಿಯ ಹಬೆ ರಸ್ತೆಗೇ ಬರುತ್ತದೆ. ಅದನ್ನು ದಾಟಿಬಿಟ್ಟರೆ ಓಟ ಗ್ಯಾರಂಟಿ. ದಾಟದಿದ್ದರೆ ರಿಜೆಕ್ಟೆಡ್ ಟೇಕಾಫ್, ಎರಡು ಇಡ್ಲಿ, ಒಂದು ವಡೆ, ಸಾಂಬಾರಿನಲ್ಲಿ ಅದ್ದಿ.

ನನ್ನ ವೇಗ ಗಂಟೆಗೆ ಎಂಟು ಕಿಲೋಮೀಟರ್, ಅದೂ ನಾಯಿ ಅಟ್ಟಿಸಿಕೊಂಡು ಬಂದ ದಿನ. ದೇವನಹಳ್ಳಿಯ ರನ್‌ವೇ 4,000 ಮೀಟರ್ ಉದ್ದ. ವಿಮಾನಕ್ಕೆ ನೆಲ ಬಿಡಲು ಒಂದು ನಿಮಿಷವೂ ಬೇಡ, ನನಗೆ ಆ ತುದಿ ಮುಟ್ಟಲು ಅರ್ಧ ಗಂಟೆ. ಮುಟ್ಟಿದ ಮೇಲೂ ನಾನು ನೆಲದ ಮೇಲೇ.

ಭಾನುವಾರ ಓಡುವ ಒಂದು ಗುಂಪನ್ನೂ ಸೇರಿ ನೋಡಿದೆ. ಎಲ್ಲರ ಕಣ್ಣೂ ಕೈಗಡಿಯಾರದ ಮೇಲೆ, ಎಲ್ಲರ ಬಾಯಲ್ಲೂ “ಪೇಸ್ ಎಷ್ಟು ಬ್ರೋ?” ನಾವು ಓಡುತ್ತಿದ್ದದ್ದು ಸುರಂಜನ್ ದಾಸ್ ರಸ್ತೆಯಲ್ಲಿ. ಯಾರಪ್ಪಾ ಈ ದಾಸ್ ಅಂದರೆ, “ಯಾರೋ ರಾಜಕಾರಣಿ ಇರಬೇಕು” ಅಂದ ಒಬ್ಬ. ಇಲ್ಲೇ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ್ ಫೈಟರನ್ನು 1961ರಲ್ಲಿ ಮೊದಲು ಹಾರಿಸಿದವರು ಅವರು. 1970ರಲ್ಲಿ ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡವರೂ ಅವರೇ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಗುಂಪು ಸಿಗ್ನಲ್ ದಾಟಿಹೋಗಿತ್ತು. ನಾನು ಪಾರ್ಕಿಗೆ ವಾಪಸು ಬಂದೆ.

ಪಾರ್ಕಿನ ಕಥೆಯೇ ಬೇರೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ. ಅದಕ್ಕೇ ಹಳೇ ಏರ್‌ಪೋರ್ಟೂ ಹೊಸ ಏರ್‌ಪೋರ್ಟೂ ಪೂರ್ವ-ಪಶ್ಚಿಮವಾಗಿ ಮಲಗಿವೆ. ದೇವರ ದಯೆ, ನಮ್ಮ ಪಾರ್ಕೂ ಹಾಗೇ ಮಲಗಿದೆ. ಬಿಲ್ಡಿಂಗುಗಳ ಸಂದಿಯಲ್ಲಿ ಮರಗಳಿಲ್ಲದ ನೇರ ದಾರಿ ಇರುವುದು ಒಂದೇ ಕಡೆ. ಅಲ್ಲಿ ಗಾಳಿಗೆ ಎದುರಾಗಿ ಓಡಬೇಕೆಂದರೆ ಕೆಲವು ದಿನ ಬಲಸುತ್ತು, ಕೆಲವು ದಿನ ಎಡಸುತ್ತು. ಓಟಗಾರನಿಗೆ ಎದುರುಗಾಳಿಯಿಂದ ಕಾಸಿನ ಲಾಭವಿಲ್ಲ, ಉಬ್ಬಸವೊಂದೇ. ಆದರೆ ನಿಯಮ ನಿಯಮವೇ.

ಗಾಳಿಯ ದಿಕ್ಕು ತಿಳಿಯಲು ಏರ್‌ಪೋರ್ಟಿನಲ್ಲಿ ಕಂಬಕ್ಕೆ ಕಟ್ಟುವ ಬಟ್ಟೆಯ ಚೀಲ, ಅಂದರೆ ವಿಂಡ್‌ಸಾಕ್ ಬೇಕು. ಪಾರ್ಕಿನ ಎದುರು ಮನೆಯ ಎರಡನೇ ಮಹಡಿಯಲ್ಲಿ ಒಂದು ಬಿಳೀ ಪಂಚೆ ದಿನಾ ಒಣಗುತ್ತಿತ್ತು. ಒಂದು ತುದಿಗೆ ಮಾತ್ರ ಕ್ಲಿಪ್. ಇದಕ್ಕಿಂತ ಒಳ್ಳೆಯ ವಿಂಡ್‌ಸಾಕ್ ಯಾವ ಏರ್‌ಪೋರ್ಟಿನಲ್ಲೂ ಇಲ್ಲ. ವಿಂಡ್‌ಸಾಕ್ ಪೂರ್ತಿ ಅಡ್ಡಕ್ಕೆ ಚಾಚಿಕೊಂಡರೆ ಗಾಳಿ ಸುಮಾರು 15 ನಾಟ್ ಅಂತ ಲೆಕ್ಕ. ಪಂಚೆಗೆ ಅದೇ ಅಳತೆ ಹಾಕಿ ದಿನಾ ಗೇಟಿನಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ.

ಒಂದು ದಿನ ಓಟದ ನಡುವೆ ಪಂಚೆ ದಿಕ್ಕು ಬದಲಾಯಿಸಿತು. ನಾನೂ ಅಲ್ಲೇ ತಿರುಗಿದೆ. ಪಾರ್ಕಿನ ಜನ ದೇವಸ್ಥಾನದಲ್ಲಿ ಸುತ್ತಿದ ಹಾಗೆ ಪ್ರದಕ್ಷಿಣೆ ಬರುತ್ತಾರೆ. ಆ ಪ್ರವಾಹಕ್ಕೆ ನಾನೊಬ್ಬನೇ ಎದುರು. ತಿರುವಿನಲ್ಲಿ ಮಂಕಿಕ್ಯಾಪ್ ಹಾಕಿದ ಹಿರಿಯರೊಬ್ಬರು ಪ್ರತ್ಯಕ್ಷರಾದರು. ಇಬ್ಬರು ಎದುರುಬದುರಾದರೆ ಇಬ್ಬರೂ ತಂತಮ್ಮ ಬಲಕ್ಕೆ ಸರಿಯಬೇಕು, ಇದು ಆಕಾಶದ ಕಾನೂನು. ನಾನು ಬಲಕ್ಕೆ ಸರಿದೆ. ಅವರು ನಲವತ್ತು ವರ್ಷ ಬಜಾಜ್ ಸ್ಕೂಟರ್ ಓಡಿಸಿದವರು, ರಸ್ತೆಯ ಕಾನೂನಿನ ಪ್ರಕಾರ ಎಡಕ್ಕೆ ಬಂದರು. ಅಂದರೆ ಇಬ್ಬರೂ ಒಂದೇ ಕಡೆ. ನಾನು ದೊಡ್ಡ ಮನಸ್ಸು ಮಾಡಿ ರಸ್ತೆಯ ಕಾನೂನಿಗೆ ಬದಲಾದೆ. ಅದೇ ಗಳಿಗೆಯಲ್ಲಿ ಅವರೂ ನನಗೋಸ್ಕರ ಬದಲಾದರು. ಮತ್ತೆ ಎದುರುಬದುರು. ಅವರು “ಹೋಗಿ ಹೋಗಿ” ಅಂದರು, ನಾನು “ಬನ್ನಿ ಬನ್ನಿ” ಅಂದೆ. ಇಬ್ಬರೂ ನಿಂತೆವು. ಇಬ್ಬರೂ ನಕ್ಕೆವು. ಇಬ್ಬರೂ ಒಟ್ಟಿಗೇ ಹೊರಟೆವು. ಮೊದಲು ಮುಟ್ಟಿದ್ದು ಹೊಟ್ಟೆಗಳು. ಅವರ ಕೈಯ ಕವರ್ ಬಿದ್ದು ಕೆಂಪು ದಾಸವಾಳಗಳು ದಾರಿ ತುಂಬ ಚೆಲ್ಲಿದವು. ಎರಡಡಿ ಪಕ್ಕದಲ್ಲೇ “ಹೂ ಕೀಳಬಾರದು” ಅನ್ನುವ ಬೋರ್ಡು.

ಹೀಗಾಗಿ ತನಿಖೆ ನಡೆಯಲಿಲ್ಲ. ನನ್ನ ದಿಕ್ಕಿನ ಬಗ್ಗೆ ಅವರು ಕೇಳಲಿಲ್ಲ, ಹೂವಿನ ಬಗ್ಗೆ ನಾನು ಕೇಳಲಿಲ್ಲ. ಕವರ್ ಕಿತ್ತಳೆ ಬಣ್ಣದ್ದು. ಬ್ಲ್ಯಾಕ್ ಬಾಕ್ಸ್ ಕೂಡ ಕಿತ್ತಳೆ ಬಣ್ಣದ್ದೇ ಸಾರ್ ಅಂತ ನಾನು ಶುರುಮಾಡಿದವನು ನಿಲ್ಲಿಸಲಿಲ್ಲ. ಹೂ ಆಯುತ್ತಾ ಆಯುತ್ತಾ ಹೇಳಿದೆ: ವಿಮಾನಗಳಲ್ಲಿ ಈಗ ಟಿಕಾಸ್ ಅಂತ ಒಂದು ಯಂತ್ರ ಇರುತ್ತೆ ಸಾರ್. ಎರಡು ವಿಮಾನದ ಯಂತ್ರಗಳು ತಮ್ಮಲ್ಲೇ ಮಾತಾಡಿಕೊಂಡು ಒಂದಕ್ಕೆ ‘ಏರು’ ಅನ್ನುತ್ತವೆ, ಇನ್ನೊಂದಕ್ಕೆ ‘ಇಳಿ’ ಅನ್ನುತ್ತವೆ. ನಮ್ಮ ಥರ ಬನ್ನಿ ಬನ್ನಿ, ಹೋಗಿ ಹೋಗಿ ಇಲ್ಲ.

“ಮುಂಚೆ ಇರ್ಲಿಲ್ವಾ?” ಅಂದರು.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಇರಲಿಲ್ಲ. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14 ಸಾವಿರ ಅಡಿ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15 ಸಾವಿರ ಅಡಿ ಅಂತ ಹೇಳಿದ್ದರು. ಇಳಿಯುತ್ತಿದ್ದದ್ದು ಇನ್ನೂ ಕೆಳಗೆ ಬಂತು. 349 ಜನ, ಒಬ್ಬರೂ ಉಳಿಯಲಿಲ್ಲ. ಸೌದಿ ವಿಮಾನದಲ್ಲಿ ಕೂಲಿಗೆ ಹೊರಟಿದ್ದ ನಮ್ಮವರೇ ಬಹಳ. ಆಮೇಲೆ ನಮ್ಮ ದೇಶದಲ್ಲಿ ಆ ಯಂತ್ರ ಕಡ್ಡಾಯವಾಯಿತು.

ಅವರು ಮಂಕಿಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಸಾವಿರ ಅಡಿ ಅಂದ್ರೆ ಎಷ್ಟು ದೂರ?” ಅಂದರು.

“ಇಲ್ಲಿಂದ ಆ ನೀರಿನ ಟ್ಯಾಂಕ್‌ವರೆಗೆ ಸಾರ್.”

ಟ್ಯಾಂಕನ್ನೇ ನೋಡುತ್ತಾ ನಿಂತರು. ಆಮೇಲೆ, “ಅದಿರ್ಲಿ, ನೀವ್ಯಾಕೆ ಉಲ್ಟಾ ಬಂದ್ರಿ?” ಅಂತ ಕೇಳಿಯೇಬಿಟ್ಟರು. ಪಂಚೆ ತೋರಿಸಿದೆ.

ಈಗ ಬೆಳಗಾದರೆ ಗೇಟಿನಲ್ಲಿ ಇಬ್ಬರು ನಿಂತು ಮಹಡಿ ನೋಡುತ್ತೇವೆ. ಒಂದು ದಿನ ಆ ಮನೆಯ ಯಜಮಾನರು ಹಲ್ಲುಜ್ಜುತ್ತಾ ಹೊರಗೆ ಬಂದು ಗುಡುಗಿದರು: “ಏನ್ರೀ ಅದು, ದಿನಾ ನಮ್ಮನೆ ಕಡೆ?” ನಾನು ಬೂಟಿನ ದಾರ ಕಟ್ಟಲು ಬಗ್ಗಿದೆ. ಹಿರಿಯರು ಮಾತ್ರ ಅಲುಗಲಿಲ್ಲ. “ಗಾಳಿ ಪಶ್ಚಿಮದಿಂದ, ಹತ್ತು ನಾಟ್. ನಿಮ್ಮ ಪಂಚೆ ಚೆನ್ನಾಗಿ ಕೆಲಸ ಮಾಡ್ತಿದೆ ಸಾರ್, ಕ್ಲಿಪ್ಪು ಮಾತ್ರ ಒಂದೇ ಇರ್ಲಿ” ಅಂದರು.

ಮಾರನೆಯ ದಿನ ಅಲ್ಲಿ ಬೆಡ್‌ಶೀಟು, ನಾಲ್ಕು ಮೂಲೆಗೂ ಕ್ಲಿಪ್ಪು. ಬೆಡ್‌ಶೀಟಿನಿಂದ ಗಾಳಿ ತಿಳಿಯುವುದು ಕಷ್ಟ. ಪಕ್ಕದ ಮನೆಯಲ್ಲಿ ಒಂದು ಲುಂಗಿ ಇದೆ, ಪರೀಕ್ಷೆ ನಡೆದಿದೆ.