ಕಾಂಬಿನೇಷನ್ ಮೀಮಾಂಸೆ ಅಥವಾ ಬಿಎಸ್ಸಿ ಗಣಿತದ ಪೇಪರು ಹೊಂದಿಸುವ ಶಾಸ್ತ್ರ

ಪೀಠಿಕೆ

ನಮ್ಮ ಗಣಿತ ಪಠ್ಯಗಳಲ್ಲಿ ಸೆಟ್ಟಿಗೆ ‘ಗಣ’ ಎನ್ನುತ್ತಾರೆ. ಆದಕಾರಣ ಸಮಸ್ತ ಗಣಗಳಿಗೂ ಉಪಗಣಗಳಿಗೂ ಕಡೆಗೆ ಶೂನ್ಯಗಣಕ್ಕೂ ಪತಿಯಾದ ಗಣಪತಿಗೆ ಮೊದಲು ಕೈಮುಗಿದು ಈ ಗ್ರಂಥಕ್ಕೆ ಕೈಹಾಕುತ್ತೇನೆ.

ಪಿಯುಸಿ ಫಲಿತಾಂಶ ಬಂದ ಮಾರನೆಯ ದಿನದಿಂದ ಕರ್ನಾಟಕದ ಪದವಿ ಕಾಲೇಜುಗಳ ಅಡ್ಮಿಷನ್ ಮೇಜಿನ ಮುಂದೆ ಒಂದು ಜಿಜ್ಞಾಸೆ ಸಾಲುಗಟ್ಟಿ ನಿಲ್ಲುತ್ತದೆ: “ಸಾರ್, ಮ್ಯಾತ್ಸ್ ಜೊತೆ ಏನ್ ತಗೊಂಡ್ರೆ ಸ್ಕೋಪ್ ಇದೆ?” ಬ್ರಹ್ಮಜಿಜ್ಞಾಸೆಗೆ ಬೇಕಾದಷ್ಟು ಭಾಷ್ಯಗಳಿವೆ. ಇದಕ್ಕೆ ಒಂದೂ ಇಲ್ಲ. ಆ ಮೇಜಿನ ಒಳಬದಿಯಲ್ಲಿ ವರ್ಷಾನುಗಟ್ಟಲೆ ಕೂತು ಬೆನ್ನುನೋವನ್ನಷ್ಟೇ ಸಂಪಾದಿಸಿದ ಈ ಅಲ್ಪಜ್ಞನು ಲೋಕಹಿತಾರ್ಥವಾಗಿ ಆ ಕೊರತೆಯನ್ನು ತುಂಬಲು ಹೊರಟಿದ್ದಾನೆ. ವಿದ್ವಾಂಸರು ಮನ್ನಿಸಬೇಕು; ವಿದ್ಯಾರ್ಥಿಗಳು ಫೀಸು ಕಟ್ಟಬೇಕು.

ವ್ಯಾಖ್ಯೆಗಳು

ಕಾಂಬಿನೇಷನ್: ಹದಿನೆಂಟನೇ ವಯಸ್ಸಿನಲ್ಲಿ ಅಂಟಿಕೊಂಡು ನಿವೃತ್ತಿಯವರೆಗೂ ಬಿಡದ ಗೋತ್ರ. ಪಿಸಿಎಂ (ಭೌತ, ರಸಾಯನ, ಗಣಿತ), ಪಿಎಂಇ, ಪಿಎಂಸಿಎಸ್ ಇತ್ಯಾದಿ ಇದರ ಪ್ರವರಗಳು. ಸಗೋತ್ರದವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಆದರೆ ಇಲ್ಲಿ ಸಗೋತ್ರ ವಿವಾಹ ನಿಷಿದ್ಧವಲ್ಲ, ಕೆಲವು ಬ್ಯಾಚುಗಳಲ್ಲಿ ರೂಢಿಯೇ ಇದೆ. ಪ್ರೌಢಶಾಲೆಗೆ ಹೋಗಿ ಮೇಷ್ಟ್ರ ಹೆಸರು ಮರೆತರೂ ‘ಪಿಸಿಎಂ ಮೇಷ್ಟ್ರು’ ಎಂದರೆ ಸಾಕು, ಜವಾನ ಸರಿಯಾದ ಕೊಠಡಿಗೆ ಕರೆದೊಯ್ಯುತ್ತಾನೆ.

ಸ್ಕೋಪ್: ಕಣ್ಣಿಗೆ ಕಾಣದ, ತಕ್ಕಡಿಗೆ ಸಿಗದ, ಆದರೆ ಪಕ್ಕದ ಮನೆಯ ಹುಡುಗ ತೆಗೆದುಕೊಂಡ ವಿಷಯದಲ್ಲಿ ಯಾವಾಗಲೂ ಒಂದು ಗುಲಗಂಜಿ ಹೆಚ್ಚಿಗೆ ಇರುವ ಪದಾರ್ಥ.

ಬಂಧು: ನಾಮಕರಣ, ಗೃಹಪ್ರವೇಶಗಳಲ್ಲಿ ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ “ಬಿಎಸ್ಸಿ ಅಷ್ಟೇನಾ? ಇಂಜಿನಿಯರಿಂಗ್ ಸಿಗ್ಲಿಲ್ವಾ?” ಎಂದು ಕೇಳುವ ಸ್ಥಿರಾಂಕ. ಇದರ ಬೆಲೆ ಯಾವ ಸೆಮಿಸ್ಟರಿನಲ್ಲೂ ಬದಲಾಗುವುದಿಲ್ಲ.

ಪೂರ್ವಾಚಾರ್ಯರು

ಈ ಶಾಸ್ತ್ರದ ಮೂಲಪುರುಷ ಮಹಾವೀರಾಚಾರ್ಯ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈತ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥದ ಆರಂಭದಲ್ಲೇ ಗಣಿತ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆಂದು ಪಟ್ಟಿ ಕೊಟ್ಟಿದ್ದಾನೆ: ಲೌಕಿಕ, ವೈದಿಕ ವ್ಯವಹಾರ, ಕಾಮಶಾಸ್ತ್ರ, ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ. ಲೋಕದ ಮೊತ್ತಮೊದಲ ಕಾಲೇಜು ಪ್ರಾಸ್ಪೆಕ್ಟಸ್ ಇದೇ ಎಂಬುದು ನನ್ನ ದೃಢಮತ. ಪ್ಲೇಸ್‌ಮೆಂಟ್ ಶೇಕಡಾ ಎಷ್ಟೆಂದು ಮಾತ್ರ ಆಚಾರ್ಯರು ನಮೂದಿಸಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದೆಂಬ ಮೂಢನಂಬಿಕೆ ಆ ಕಾಲದಲ್ಲಿ ಪ್ರಬಲವಾಗಿತ್ತು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ, ಎಂದರೆ ಸಾಕ್ಷಾತ್ ಕಾಂಬಿನೇಷನ್ನಿಗೆ, ಸಾಮಾನ್ಯ ಸೂತ್ರ ಕೊಟ್ಟವನೂ ಇವನೇ. ಮೇಲಿನ ಸಾಲಿನಲ್ಲಿ ಸಂಖ್ಯೆಗಳನ್ನು ಇಳಿಸುತ್ತಾ ಬರೆ, ಕೆಳಗಿನ ಸಾಲಿನಲ್ಲಿ ಒಂದರಿಂದ ಏರಿಸುತ್ತಾ ಬರೆ, ಮೇಲಿನ ಗುಣಲಬ್ಧವನ್ನು ಕೆಳಗಿನದರಿಂದ ಭಾಗಿಸು. ಉದಾಹರಣೆಗೆ ಆತ ತೆಗೆದುಕೊಂಡದ್ದು ಷಡ್ರಸ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ.

ಈಗ ವಿಸ್ಮಯ ನೋಡಿ. ಗಣಿತದ ಜೊತೆಗೆ ಸಾಮಾನ್ಯವಾಗಿ ಹೊಂದಿಸುವ ವಿಷಯಗಳೂ ಆರೇ: ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ. ಯಾವುದು ಕಹಿ, ಯಾವುದು ಒಗರು ಎಂಬುದು ಅವರವರ ಇಂಟರ್ನಲ್ಸ್ ಅಂಕಗಳಿಗೆ ಬಿಟ್ಟದ್ದು. ಆರರಲ್ಲಿ ಎರಡನ್ನು ಆರಿಸಬೇಕು. ಮೇಲೆ 6 ಮತ್ತು 5, ಗುಣಿಸಿದರೆ 30. ಕೆಳಗೆ 1 ಮತ್ತು 2, ಗುಣಿಸಿದರೆ 2. ಭಾಗಿಸಿದರೆ 15. ಗಣಿತ ಓದಲು ಹದಿನೈದು ದಾರಿ! ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇರುವುದು ಮಾತ್ರ ನಾಲ್ಕು.

ಹಾಗಾದರೆ ಹನ್ನೊಂದು ಎಲ್ಲಿ ಹೋದವು?

ಲುಪ್ತ ಏಕಾದಶ ವಿಚಾರ

ಆ ಹನ್ನೊಂದನ್ನು ನುಂಗಿದ್ದು ಟೈಮ್‌ಟೇಬಲ್. ಪ್ರತಿ ವಿಷಯಕ್ಕೊಂದು ಚುಕ್ಕೆ ಇಡಿ. ಒಬ್ಬನೇ ವಿದ್ಯಾರ್ಥಿ ಎರಡು ವಿಷಯ ತೆಗೆದುಕೊಂಡಿದ್ದರೆ ಆ ಎರಡು ಚುಕ್ಕೆಗಳ ನಡುವೆ ಗೆರೆ ಎಳೆಯಿರಿ. ಗೆರೆಯಿಂದ ಕೂಡಿದ ಚುಕ್ಕೆಗಳಿಗೆ ಒಂದೇ ಬಣ್ಣ ಬರಕೂಡದು. ಬಣ್ಣ ಎಂದರೆ ಪೀರಿಯಡ್ಡು. ಅತಿ ಕಡಿಮೆ ಬಣ್ಣಗಳಲ್ಲಿ ಮುಗಿಸಿ. ಹೇಳುವುದಕ್ಕೆ ರಂಗೋಲಿಯಷ್ಟು ಸುಲಭ. ಆದರೆ ರಿಚರ್ಡ್ ಕಾರ್ಪ್ 1972ರಲ್ಲಿ ಪಟ್ಟಿಮಾಡಿದ, ಕಂಪ್ಯೂಟರುಗಳನ್ನೇ ಕಂಗೆಡಿಸುವ 21 ಸಮಸ್ಯೆಗಳಲ್ಲಿ ಇದೂ ಒಂದು. ನಮ್ಮಲ್ಲಿ ಇದನ್ನು ಹಿರಿಯ ಅಧ್ಯಾಪಕರೊಬ್ಬರು ಜೂನ್ ತಿಂಗಳ ಒಂದು ಮಧ್ಯಾಹ್ನ, ಹಳೆಯ ಉತ್ತರಪತ್ರಿಕೆಯ ಬೆನ್ನಮೇಲೆ, ಪೆನ್ಸಿಲ್ಲು ಮತ್ತು ರಬ್ಬರಿನಿಂದ ಬಿಡಿಸಿಬಿಡುತ್ತಾರೆ. ಅವರ ವಿಧಾನ ಸರಳ: ಬಣ್ಣ ಸಾಲದಿದ್ದರೆ ಗೆರೆ ಅಳಿಸು. ಅಳಿಸಿಹೋದವೇ ಆ ಹನ್ನೊಂದು.

ಇಷ್ಟರ ಮೇಲೆ ಕಾಲಮಾನದ ತೊಡಕು ಬೇರೆ. ಮೂರು ವರ್ಷವಿದ್ದ ಪದವಿಗೆ ರಾಜ್ಯದಲ್ಲಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ಮತ್ತೆ ಮೂರಾಯಿತು. 3, 4, 3 ಎಂಬ ಈ ಶ್ರೇಣಿ ಒಂದು ಮಿತಿಗೆ ಬಂದು ನಿಲ್ಲುತ್ತದೆಯೋ ಹೀಗೇ ತೂಗಾಡುತ್ತಿರುತ್ತದೆಯೋ ಎಂಬುದು ರಿಯಲ್ ಅನಾಲಿಸಿಸ್ ಪೇಪರಿನಲ್ಲಿ ಹತ್ತು ಅಂಕಕ್ಕೆ ಕೇಳತಕ್ಕ ಪ್ರಶ್ನೆ.

ಪಂಚಮಾರ್ಗ ನಿರೂಪಣೆ

ವೃತ್ತಿಗೆ ತಕ್ಕಂತೆ ಪೇಪರು ಹೊಂದಿಸುವವರಿಗೆ ಐದು ಮಾರ್ಗಗಳಿವೆ.

ಒಂದನೆಯದು ಉಪಾಧ್ಯಾಯ ಮಾರ್ಗ. ಗಣಿತ, ಭೌತ, ರಸಾಯನ ಓದಿ, ಎರಡು ವರ್ಷದ ಬಿಎಡ್ ಮಾಡಿ, ನೇಮಕಾತಿ ಅಧಿಸೂಚನೆಗಾಗಿ ತಪಸ್ಸು ಮಾಡುವುದು. ಹಿಂದೆ ತಪಸ್ವಿಗಳ ಮೈಮೇಲೆ ಹುತ್ತ ಬೆಳೆಯುತ್ತಿತ್ತು. ಈಗ ಟ್ಯೂಷನ್ ಬೆಳೆಯುತ್ತದೆ.

ಎರಡನೆಯದು ಬ್ಯಾಂಕ್ ಮಾರ್ಗ. ಈ ಮಾರ್ಗದವರು ಮೂರು ವರ್ಷ ಅನಂತವನ್ನೂ ಎಪ್ಸಿಲಾನನ್ನೂ ಅರೆದು ಕುಡಿದು, ಕಡೆಗೆ ಪರೀಕ್ಷೆಯಲ್ಲಿ ಪ್ರವಾಹದ ಎದುರು ಹೋಗುವ ದೋಣಿಯ ವೇಗ ಮತ್ತು ಸಾವಿರ ರೂಪಾಯಿಯ ಚಕ್ರಬಡ್ಡಿ ಕಂಡುಹಿಡಿಯುತ್ತಾರೆ. ಬಡ್ಡಿ ಲೆಕ್ಕಗಳು ಮಹಾವೀರಾಚಾರ್ಯನ ಮಿಶ್ರಕ ವ್ಯವಹಾರದ ಅಧ್ಯಾಯದಲ್ಲೇ ಇರುವುದರಿಂದ, ಇವರು ಸಾವಿರದ ಇನ್ನೂರು ವರ್ಷದ ಸಿಲಬಸ್ಸನ್ನು ಪೂರೈಸಿದಂತಾಯಿತು.

ಮೂರನೆಯದು ಸಾಫ್ಟ್‌ವೇರ್ ಮಾರ್ಗ. ಇದಕ್ಕೆ ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಬೇಕು. ಲ್ಯಾಬಿನಲ್ಲಿ ಸೈಲ್ಯಾಬ್, ಮ್ಯಾಕ್ಸಿಮಾ, ಈಗೀಗ ಪೈಥಾನ್. ಕೈಯಲ್ಲಿ ಎರಡು ನಿಮಿಷಕ್ಕೆ ಬಿಡಿಸುವ ಮ್ಯಾಟ್ರಿಕ್ಸನ್ನು ಕಂಪ್ಯೂಟರಿನಲ್ಲಿ ಮುಕ್ಕಾಲು ಗಂಟೆ ಬಿಡಿಸಿ, ಎಲ್ಲೋ ಒಂದು ಕಾಮಾ ಬಿಟ್ಟುಹೋಗಿತ್ತೆಂದು ತಿಳಿಯುವುದೇ ಇಲ್ಲಿಯ ಸಾಕ್ಷಾತ್ಕಾರ.

ನಾಲ್ಕನೆಯದು ವಿಮಾ ಮಾರ್ಗ. ಆಕ್ಚುಯರಿಗಳೆಂದರೆ ಯಾರು ಎಷ್ಟು ಕಾಲ ಬದುಕಬಹುದೆಂದು ಸಂಭವನೀಯತೆಯ ಲೆಕ್ಕ ಹಾಕಿ ಅದಕ್ಕೆ ತಕ್ಕ ಪ್ರೀಮಿಯಂ ನಿಗದಿ ಮಾಡುವವರು. 2006ರಿಂದ ಇವರಿಗೆಂದೇ ದೇಶದಲ್ಲಿ ಕಾಯ್ದೆಯಿದೆ. ಹಿಂದೆ ಈ ಕೆಲಸ ಪಂಚಾಂಗದವರದಾಗಿತ್ತು. ಅವರಿಗೆ ಪರೀಕ್ಷೆಗಳು ಇಷ್ಟೊಂದು ಇರಲಿಲ್ಲ.

ಐದನೆಯದು ಸಂಶೋಧನಾ ಮಾರ್ಗ. ‘ಜ್ಯಾಮ್’ ಎಂಬ ಪರೀಕ್ಷೆ ಬರೆದು ಐಐಟಿಯ ಎಂಎಸ್ಸಿಗೆ, ಆಮೇಲೆ ಪಿಎಚ್‌ಡಿಗೆ. ಫೆಲೋಶಿಪ್ಪು ಕೈಗೆ ಬರುವವರೆಗೆ ಜ್ಯಾಮ್ ಮಾತ್ರ, ಬ್ರೆಡ್ಡಿಲ್ಲ.

ಪೂರ್ವಾಪರ ನಿಯಮ

ಐದು ಮಾರ್ಗಗಳ ಪೇಪರುಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಾಗ ಈ ಗ್ರಂಥಕರ್ತನಿಗೆ ಮುಜುಗರದ ಸತ್ಯವೊಂದು ಹೊಳೆಯಿತು. ಬುನಾದಿಯ ಪೇಪರುಗಳೆಲ್ಲ ಒಂದೇ. ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಶನ್, ಗ್ರೂಪ್ ಥಿಯರಿ, ಲೀನಿಯರ್ ಆಲ್ಜೀಬ್ರಾ, ರಿಯಲ್ ಅನಾಲಿಸಿಸ್. ವಿಮೆಯವನಿಗೆ ಬೇಕಾದ ಪ್ರಾಬಬಿಲಿಟಿ ಇಂಟಿಗ್ರೇಷನ್ ಇಲ್ಲದೆ ನಡೆಯುವುದಿಲ್ಲ. ಸಾಫ್ಟ್‌ವೇರಿನವನು ಕನವರಿಸುವ ಮಷೀನ್ ಲರ್ನಿಂಗ್ ಲೀನಿಯರ್ ಆಲ್ಜೀಬ್ರಾದ ಬೆನ್ನೇರಿ ಕೂತಿದೆ. ಮೇಷ್ಟ್ರಾಗುವವನಿಗಂತೂ, ಋಣ ಋಣ ಗುಣಿಸಿದರೆ ಧನ ಯಾಕಾಗುತ್ತದೆಂದು ಎಂಟನೇ ಕ್ಲಾಸಿನ ಹುಡುಗಿ ಕೇಳಿದ ದಿನ ಆಲ್ಜೀಬ್ರಾ ಬಿಟ್ಟರೆ ಬೇರೆ ದೈವವಿಲ್ಲ.

ಬಿಸಿಬೇಳೆಬಾತಿನ ದೃಷ್ಟಾಂತದಿಂದ ಇದನ್ನು ವಿಶದಪಡಿಸಬಹುದು. ಬೇಳೆ ಒಂದೇ. ಒಗ್ಗರಣೆಯಲ್ಲಿ ಗೋಡಂಬಿಯೋ ಕಡಲೆಕಾಯಿಯೋ ಎಂಬುದು ಮನೆಯವರ ಶಕ್ತಿಗೆ ಬಿಟ್ಟದ್ದು. ಕಾಂಬಿನೇಷನ್ ಎಂದರೆ ಒಗ್ಗರಣೆ. ಆದರೆ ಅಡ್ಮಿಷನ್ ಮೇಜಿನ ಮುಂದೆ ಚರ್ಚೆಯೆಲ್ಲ ಗೋಡಂಬಿಯದ್ದೇ. ಬೇಳೆ ಬೆಂದಿದೆಯೇ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಬೇಯದ ಬೇಳೆಗೆ ನಮ್ಮ ಶಾಸ್ತ್ರದಲ್ಲಿ ‘ಬ್ಯಾಕ್‌ಲಾಗ್’ ಎಂಬ ಪಾರಿಭಾಷಿಕ ಪದವಿದೆ.

ಪ್ರತ್ಯುದಾಹರಣೆ

ವೃತ್ತಿ ಮೊದಲು, ಅದಕ್ಕೆ ತಕ್ಕ ಪೇಪರು ಆಮೇಲೆ ಎಂಬ ಸಿದ್ಧಾಂತವನ್ನು ಕೆಡವಲು ಒಂದೇ ಒಂದು ಪ್ರತ್ಯುದಾಹರಣೆ ಸಾಕು. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದರು. ಸೈನ್ಯದ ಸರ್ವೆ ಘಟಕದಲ್ಲಿ ಕೆಲಸ ಸಿಗಬಹುದೆಂದು ಕಲ್ಕತ್ತೆಗೆ ಹೋದರು. ಸಿಗಲಿಲ್ಲ. ಹೋದ ತಪ್ಪಿಗೆ ಅಲ್ಲಿದ್ದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ನೋಡಿ, 1941ರಲ್ಲಿ ಸೇರಿಯೇಬಿಟ್ಟರು. ಸಂಖ್ಯಾಶಾಸ್ತ್ರದ ಪುಸ್ತಕ ತೆರೆದರೆ ಕ್ರೇಮರ್ ಜೊತೆಗೆ ಅವರ ಹೆಸರಿನ ಅಸಮತೆ ಸಿಗುತ್ತದೆ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಆಗ ಅವರಿಗೆ 102 ವರ್ಷ. ಸ್ಕೋಪ್ ಎಂಬುದು ಕೆಲವರಿಗೆ ಸ್ವಲ್ಪ ತಡವಾಗಿ ಕಾಣಿಸುತ್ತದೆ.

ಬಸ್ ಪ್ರಮೇಯ

ಇಷ್ಟನ್ನೆಲ್ಲ ಅರಗಿಸಿಕೊಂಡು ನಾನು ಮೇಜಿನ ಹಿಂದೆ ಬೀಗುತ್ತಾ ಕೂತಿದ್ದ ಒಂದು ದಿನ ಒಬ್ಬ ರೈತ ಬಂದ. ಜೊತೆಗೆ ಮಗಳು, ಕೈಯಲ್ಲಿ ಮಾರ್ಕ್ಸ್ ಕಾರ್ಡಿದ್ದ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು.

“ಹುಡ್ಗೀಗೆ ಮ್ಯಾತ್ಸಲ್ಲಿ ತೊಂಬತ್ತೆಂಟು ಬಂದೈತೆ ಸಾರ್. ಯಾವ್ದು ಕೊಡ್ಸಾನ?”

ಸಿಕ್ಕಿದ್ದೇ ಸಮಯವೆಂದು ಪಂಚಮಾರ್ಗಗಳನ್ನೂ ವಿವರಿಸಿದೆ. ಚುಕ್ಕೆ ಇಟ್ಟು ಗೆರೆ ಎಳೆದೆ. ನೃಪತುಂಗನವರೆಗೂ ಹೋಗಿಬಂದೆ. ತಂದೆ ಎಲ್ಲಕ್ಕೂ ತಲೆದೂಗಿದ. ಮಗಳು ಒಂದೇ ಪ್ರಶ್ನೆ ಕೇಳಿದಳು.

“ಸಾರ್, ಫಿಸಿಕ್ಸ್ ಲ್ಯಾಬು ಎಷ್ಟೊತ್ತಿಗೆ ಬಿಡುತ್ತೆ?”

“ಐದು ಗಂಟೆಗಮ್ಮ.”

“ನಮ್ಮೂರಿಗೆ ಲಾಸ್ಟ್ ಬಸ್ಸು ನಾಲ್ಕೂವರೆಗೆ.”

ತಂದೆ ಕವರು ಮಡಚುತ್ತಾ ಹೇಳಿದ: “ಹಂಗಾರೆ ಬೇಗ ಬಿಡೋದು ಯಾವ್ದೈತೆ, ಅದ್ನೇ ಬರ್ಕಳಿ ಸಾರ್.”

ಹಾಗೆ ಆ ಹುಡುಗಿ ಗಣಿತ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಕ್ಕೆ ಸೇರಿದಳು. ಹಡಗಲಿಯಲ್ಲಿ ಹುಟ್ಟಿದವರನ್ನು ಸಂಖ್ಯಾಶಾಸ್ತ್ರಕ್ಕೆ ತಂದದ್ದು ಸಿಗದ ಕೆಲಸ. ಇವಳನ್ನು ತಂದದ್ದು ತಪ್ಪಬಾರದ ಬಸ್ಸು. ಪ್ರಮೇಯ: ಹಳ್ಳಿಯ ವಿದ್ಯಾರ್ಥಿನಿಯ ಕಾಂಬಿನೇಷನ್ ಎಂಬುದು ಅವಳ ಊರಿನ ಕೊನೆಯ ಬಸ್ಸಿನ ವೇಳೆಯ ಫಂಕ್ಷನ್. ಸಾಧನೆ ಮೇಲೆ ಬಂದಿದೆ.

ಒಂದು ಟಿಪ್ಪಣಿ. ಯಾವುದೇ ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂದು ಮಹಾವೀರಾಚಾರ್ಯ ಬರೆದಿದ್ದಾನೆ. ಗಣಿತದಲ್ಲಿ ಇದು ತಪ್ಪೆಂದು ಎಲ್ಲರೂ ನಗುತ್ತಾರೆ. 2023ರ ಜೂನಿನಲ್ಲಿ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಟಿಕೆಟ್ ದರ ಶೂನ್ಯವಾಯಿತು. ಆ ಊರಿನ ಬಸ್ಸುಗಳ ಸಂಖ್ಯೆ ಬದಲಾಗಲಿಲ್ಲ. ಆಚಾರ್ಯರು ದೂರದೃಷ್ಟಿಯವರು.

ಫಲಶ್ರುತಿ

ಈ ಗ್ರಂಥವನ್ನು ಓದಿದವರಿಗೆ ಸ್ಕೋಪ್ ದೊರೆಯುವುದಿಲ್ಲ. ಆದರೂ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಯಾವ ಕಾಂಬಿನೇಷನ್ನಾದರೂ ಸರಿ, ಆಲ್ಜೀಬ್ರಾ ಮತ್ತು ಅನಾಲಿಸಿಸ್ ಪೇಪರುಗಳನ್ನು ಗೈಡ್ ನೋಡಿ ದಾಟಬೇಡಿ, ಕೂತು ಬಿಡಿಸಿ. ಸಂಖ್ಯಾಶಾಸ್ತ್ರದ ಒಂದು ಪೇಪರು, ಒಂದು ಪ್ರೋಗ್ರಾಮಿಂಗ್ ಭಾಷೆ ಹೇಗಾದರೂ ಮಾಡಿ ಕಲಿಯಿರಿ. ವೃತ್ತಿಯನ್ನು ಮೂರನೇ ವರ್ಷದಲ್ಲಿ ಯೋಚಿಸಿದರೂ ತಡವಲ್ಲ.

ಇನ್ನು ಪ್ರಾಂಶುಪಾಲರಲ್ಲಿ ಒಂದೇ ಬಿನ್ನಹ. ನಾಲ್ಕು ಕಾಂಬಿನೇಷನ್ನನ್ನು ಹದಿನೈದು ಮಾಡುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ದಯವಿಟ್ಟು ಲ್ಯಾಬನ್ನು ಬೆಳಗ್ಗೆ ಇಡಿ.