ಕೇಳುವ ಜಾಗದಲ್ಲಿ ದೊರೆ ಕೂರಲಿ

ಕಂಪನಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಕತೆ ಹೇಳುವುದನ್ನು ಕಲಿಸುವ ತರಬೇತುದಾರರಿಗೆ ಮತ್ತು ಅವರನ್ನು ಕರೆಸಿಕೊಳ್ಳುವ ಆಡಳಿತದವರಿಗೆ,



ನಮ್ಮೂರು ಹುಲಿಕೆರೆ, ಹಳೇಬೀಡಿಗೆ ಹತ್ತಿರ. ಊರಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಮೆಟ್ಟಿಲುಗಳ ಸುತ್ತ ಇರುವ ಪುಟ್ಟ ಗುಡಿಗಳು 27 ನಕ್ಷತ್ರಗಳ ಲೆಕ್ಕಕ್ಕೆ ಕಟ್ಟಿದವು ಅಂತ ನೋಡಲು ಬಂದವರಿಗೆಲ್ಲ ಹೇಳುತ್ತೇವೆ. ಹೋದ ಸಲ ಊರಿಗೆ ಬಂದಾಗ ನನ್ನ ಅಕ್ಕನ ಮಗಳು ಅದೇ ಮೆಟ್ಟಿಲ ಮೇಲೆ ಕೂತು ಒಂದು ಸಂಗತಿ ಹೇಳಿದಳು. ಈ ಪತ್ರಕ್ಕೆ ಅದೇ ಕಾರಣ.

ಅವಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಎರಡು ದಿನದ ಶಿಬಿರ ನಡೆಯಿತಂತೆ. ಪ್ರತಿಯೊಬ್ಬರೂ ತಮ್ಮ ಬದುಕಿನ ಒಂದು ಸೋಲನ್ನು ಕತೆಯಾಗಿ ಹೇಳಬೇಕು, ಅದರಿಂದ ವ್ಯಕ್ತಿತ್ವ ಬೆಳೆಯುತ್ತದೆ, ತಂಡ ಗಟ್ಟಿಯಾಗುತ್ತದೆ ಎಂದರಂತೆ. ಇವಳು ಅಪ್ಪ ತೀರಿಕೊಂಡ ವರ್ಷ ಪಿಯುಸಿಯಲ್ಲಿ ಫೇಲಾದದ್ದು, ಆಮೇಲೆ ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡದೆ ಕೋಣೆಯಲ್ಲೇ ಉಳಿದದ್ದು, ಎಲ್ಲವನ್ನೂ ಹೇಳಿದಳು. ಕೇಳಿದವರಲ್ಲಿ ಕೆಲವರ ಕಣ್ಣು ತುಂಬಿತು, ಚಪ್ಪಾಳೆ ಬಿತ್ತು. ವರ್ಷದ ಕೊನೆಗೆ ಬಡ್ತಿಯ ಮಾತು ಬಂದಾಗ ಮೇಲಿನವರು ಅಂದರಂತೆ: 'ಒತ್ತಡ ಬಿದ್ದರೆ ನೀವು ಕುಸಿಯುತ್ತೀರಿ, ನೀವೇ ಹೇಳಿದ್ದಿರಲ್ಲ.'

'ಮಾವ, ನಾನು ಅದನ್ನ ಹೇಳಬಾರದಿತ್ತು ಅಲ್ವಾ?' ಅಂತ ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು.

ನಿಮ್ಮ ವಿದ್ಯೆಯ ಮೇಲೆ ನನಗೆ ಅಪನಂಬಿಕೆಯಿಲ್ಲ. ಕತೆಯನ್ನು ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿ ಹಳೆಯ ವಾಡಿಕೆ. ದಡ್ಡ ರಾಜಕುಮಾರರಿಗೆ ರಾಜನೀತಿ ಕಲಿಸಲು ಹುಟ್ಟಿದ ಪಂಚತಂತ್ರವನ್ನು ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಕನ್ನಡಕ್ಕೆ ತಂದ. ವಡ್ಡಾರಾಧನೆಯ 19 ಕತೆಗಳು ಎಂಥ ಸಂಕಟದಲ್ಲೂ ಮನಸ್ಸು ಕದಲದಂತೆ ನಿಂತವರ ಕತೆಗಳು. ಸಾವಿನ ಮುಂದೆ ಕೂತ ಸಾಧಕನಿಗೂ ಧೈರ್ಯ ಕೊಡಬಲ್ಲವು. ನಮ್ಮ ಕಾಲದಲ್ಲಿ ಗೀತಾ ರಾಮಾನುಜಂ 1998ರಲ್ಲಿ ಬೆಂಗಳೂರಿನಲ್ಲಿ 'ಕಥಾಲಯ' ಕಟ್ಟಿ ಕತೆಯನ್ನು ತರಗತಿಗೆ ಕರೆತಂದರು.

ನಿಮ್ಮ ಶಿಬಿರಗಳಲ್ಲಿ ಸ್ಟೀಫನ್ ಡೆನ್ನಿಂಗ್ ಹೆಸರು ಬಂದೇ ಬರುತ್ತದೆ. ತಿಳಿವಳಿಕೆಯನ್ನು ಎಲ್ಲರೊಡನೆ ಹಂಚಿಕೊಳ್ಳಬೇಕೆಂದು ವಿಶ್ವಬ್ಯಾಂಕಿನಲ್ಲಿ ಅವರು ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಅವರು ಒಂದು ಪುಟ್ಟ ಕತೆ ಹೇಳತೊಡಗಿದರು. 1995ರಲ್ಲಿ ಜಾಂಬಿಯಾದ ಒಂದು ಸಣ್ಣ ಊರಿನ ಆರೋಗ್ಯ ಕಾರ್ಯಕರ್ತರೊಬ್ಬರು ಮಲೇರಿಯಾಕ್ಕೆ ಏನು ಚಿಕಿತ್ಸೆ ಎಂಬುದನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಅಮೆರಿಕದ ಸಂಸ್ಥೆಯೊಂದರಿಂದ ಪಡೆದರು. ಬಡತನ ನೀಗಿಸಲೆಂದೇ ಇರುವ ಬ್ಯಾಂಕು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಇಷ್ಟೇ ಕತೆ. ಬ್ಯಾಂಕು ಬದಲಾಯಿತು. ಆದರೆ ಆ ಕಾರ್ಯಕರ್ತರ ಹೆಸರು ಕತೆಯಲ್ಲಿಲ್ಲ. ಅದನ್ನು ಓದಿದಾಗಿನಿಂದ ನನಗೆ ಆ ಹೆಸರಿನದೇ ಯೋಚನೆ.

ಯಾಕೆಂದರೆ ನಾನು ಹುಟ್ಟಿದ ಸೀಮೆಯಲ್ಲಿ ದೊಡ್ಡವರು ಹೇಳಿಸಿದ ಕತೆ, ಕೆಲಸ ಮಾಡಿದವರ ಹೆಸರು, ಎರಡೂ ಕಲ್ಲಿನಲ್ಲಿ ಉಳಿದಿವೆ. ಸಳ ಹುಲಿಯನ್ನು ಹೊಡೆದ ಕತೆ ನಿಮಗೆ ಗೊತ್ತು. ಗುರು ಸುದತ್ತ 'ಹೊಯ್ ಸಳ' ಎಂದರು, ಸಳ ಹುಲಿಯನ್ನು ಕೊಂದ, ಅದರಿಂದ ಹೊಯ್ಸಳ ವಂಶಕ್ಕೆ ಆ ಹೆಸರು ಬಂತು. ಆ ಕತೆ ಪ್ರಚಾರಕ್ಕೆ ಬಂದದ್ದು ಹೊಯ್ಸಳ ದೊರೆ ವಿಷ್ಣುವರ್ಧನನ 1117ರ ಬೇಲೂರು ಶಾಸನದಿಂದ. ಅದರ ಹಿಂದಿನ ವರ್ಷವಷ್ಟೇ ಅವನು ತಲಕಾಡಿನಲ್ಲಿ ಚೋಳರನ್ನು ಗೆದ್ದಿದ್ದ. ಚೋಳರ ಲಾಂಛನ ಹುಲಿ. ಆ ಗೆಲುವಿನ ನಂತರ ಕತೆಗೆ ಬಲ ಬಂದಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. ಇದು ಅರಮನೆ ತನ್ನ ಬಗ್ಗೆ ತಾನೇ ಹೇಳಿಕೊಂಡ ಕತೆ. ನಿಮ್ಮ ಕಂಪನಿಗಳ ಗೋಡೆಯ ಮೇಲೆ ಸಂಸ್ಥಾಪಕರ ಕತೆ ಬರೆಸಿರುತ್ತೀರಲ್ಲ, ಅದೇ ಜಾತಿಯದು. ಇರಲಿ, ಅದರಿಂದ ಯಾರಿಗೂ ಕೇಡಿಲ್ಲ.

ಅದೇ ಬೇಲೂರಿನ ಗುಡಿಯಲ್ಲಿ ಮದನಿಕೆಯರ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಕೆಲಸ ಮಾಡಿದ ಕೈ ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲು ಆ ರಾಜ್ಯದಲ್ಲಿ ಜಾಗವಿತ್ತು. ಶಿಲ್ಪಿ ಜಕಣಾಚಾರಿ ನಿಜವಾಗಿ ಇದ್ದನೋ ಇಲ್ಲವೋ ಖಚಿತವಿಲ್ಲ, ಅವನು ಜನರ ಬಾಯಲ್ಲಿ ಬೆಳೆದವನು. ಆದರೂ ಜನ ಅವನ ಬಗ್ಗೆ ಕಟ್ಟಿದ ಕತೆ ಎಂಥದು ನೋಡಿ. ಹೆಸರಾಂತ ಶಿಲ್ಪಿ ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಗುರುತಿಲ್ಲದ ಹುಡುಗನೊಬ್ಬ ಎಲ್ಲರೆದುರು ಹೇಳುತ್ತಾನೆ. ಕಲ್ಲೊಳಗಿಂದ ಕಪ್ಪೆ ಬರುತ್ತದೆ. ಹಿರಿಯ ಒಪ್ಪಿಕೊಳ್ಳುತ್ತಾನೆ, ತನ್ನ ಬಲಗೈ ಕಡಿದುಕೊಳ್ಳುತ್ತಾನೆ. ಸೋಲಿನ ಕತೆ ಇಲ್ಲಿ ಯಾರದು? ದೊಡ್ಡವನದು. ತಪ್ಪು ತೋರಿಸಿದ ಹುಡುಗನಿಗೆ ಏನೂ ಆಗಲಿಲ್ಲ.

ಇನ್ನೊಂದು ಕತೆ ಹಳೇಬೀಡಿನದೇ ಅನ್ನಬೇಕು. ಹಳೇಬೀಡು ಆಗಿನ ದೋರಸಮುದ್ರ, ಹೊಯ್ಸಳ ದೊರೆ ವೀರಬಲ್ಲಾಳನ ರಾಜಧಾನಿ. ಅವನ ಆಸ್ಥಾನದ ಜನ್ನ 1209ರಲ್ಲಿ ಯಶೋಧರ ಚರಿತೆ ಬರೆದ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರನ್ನು ಹಿಡಿದು ತಂದಿದ್ದಾರೆ. ಮಾರಿದತ್ತ ರಾಜ ಕತ್ತಿ ಹಿಡಿದು ನಿಂತಿದ್ದಾನೆ. ಹುಡುಗ ತನ್ನ ಕತೆ ಹೇಳುತ್ತಾನೆ. ಹಿಂದಿನ ಜನ್ಮದಲ್ಲಿ ಬರೀ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೆ, ಆಗ ತಾಯಿಮಗನಾಗಿದ್ದ ಇವರಿಬ್ಬರೂ ಜನ್ಮಜನ್ಮಾಂತರ ಅನುಭವಿಸಿದ ನೋವು ಅದು. ರಾಜ ಕೇಳುತ್ತಾನೆ, ಕತ್ತಿ ಕೆಳಗಿಳಿಯುತ್ತದೆ. ಯಾರ ಕೊರಳು ಕತ್ತಿಯ ಕೆಳಗಿತ್ತೋ ಅವರು ಹೇಳಿದರು, ಕತ್ತಿ ಹಿಡಿದವನು ಕೇಳಿ ಬದಲಾದ. ಕತೆಯಿಂದ ಆಗಬಹುದಾದ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಉದಾಹರಣೆ ನನಗೆ ತಿಳಿಯದು.

ನನ್ನ ಅಕ್ಕನ ಮಗಳೂ ಹೇಳಿದಳು. ಕತ್ತಿ ಹಿಡಿದವರು ಕೇಳಿಸಿಕೊಂಡರು, ಕೇಳಿಸಿಕೊಂಡು ಕತ್ತಿಯನ್ನು ಇನ್ನಷ್ಟು ಮಸೆದರು.

ಹೇಳಿದ ಮಾತು ಹೀಗೆ ತಿರುಗದ ಜಾಗಗಳೂ ಇವೆ. ನಮ್ಮ ಕಡೆ ಹೆಂಗಸರ ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ. ಕಂತು ಕಟ್ಟಲಾಗದವಳು ಯಾಕೆ ಆಗಲಿಲ್ಲ ಅಂತ ಹೇಳುತ್ತಾಳೆ. ಹಸು ಸತ್ತಿರಬಹುದು, ಗಂಡ ದುಡ್ಡು ಕಿತ್ತುಕೊಂಡಿರಬಹುದು. ಕೇಳುವವರೆಲ್ಲ ಅವಳಂತೆಯೇ ಸಾಲ ಮಾಡಿದವರು, ಮುಂದಿನ ವಾರ ಅವರ ಸರದಿಯೂ ಬರಬಹುದು. ಹಾಗಾಗಿ ಅಲ್ಲಿ ಮಾತು ಸುಲಭಕ್ಕೆ ಹೊರಗೆ ಹೋಗುವುದಿಲ್ಲ, ಹೇಳಿದವಳ ಮೇಲೆ ತಿರುಗುವುದೂ ಇಲ್ಲ. ನಿಮ್ಮ ಹವಾನಿಯಂತ್ರಿತ ಹಾಲ್‌ನಲ್ಲಿ ಗುಂಡಗೆ ಕುರ್ಚಿ ಹಾಕಿದ್ದರೂ ಕೂತವರಲ್ಲಿ ಒಬ್ಬರ ಕೈಯಲ್ಲಿ ಉಳಿದವರ ಸಂಬಳವಿರುತ್ತದೆ. ಇದನ್ನು ಮರೆತು ಎದೆ ಬಿಚ್ಚಿ ಎಂದು ಹೇಳುವುದು ಅನ್ಯಾಯ.

ನನ್ನ ಕೋರಿಕೆ ಇಷ್ಟು. ಸೋಲಿನ ಕತೆಯನ್ನು ಮೊದಲು ಅಧಿಕಾರದಲ್ಲಿರುವವರಿಂದ ಹೇಳಿಸಿ. ಕಿರಿಯರಿಗೆ ಬೇಡವೆನ್ನಿಸಿದರೆ ಸುಮ್ಮನಿರಲು ಬಿಡಿ, ಸುಮ್ಮನಿದ್ದವರ ಹೆಸರು ಬರೆದಿಟ್ಟುಕೊಳ್ಳಬೇಡಿ. ಶಿಬಿರದಲ್ಲಿ ಆಡಿದ ಮಾತು ಬಡ್ತಿಯ ಕಡತಕ್ಕೆ ಹೋಗುವುದಿಲ್ಲ ಎಂದು ಆಡಳಿತದಿಂದ ಬರೆಸಿಕೊಂಡ ಮೇಲೆಯೇ ಕೆಲಸಕ್ಕೆ ಒಪ್ಪಿಕೊಳ್ಳಿ. ಯಾರದೋ ಕತೆಯನ್ನು ಇನ್ನೊಂದು ಕಡೆ ಹೇಳುವಾಗ ಅವರನ್ನು ಕೇಳಿ, ಅವರು ಒಪ್ಪಿದರೆ ದಾಸೋಜನಂತೆ ಅವರ ಹೆಸರನ್ನೂ ಉಳಿಸಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಿಮ್ಮ ಸಿಬ್ಬಂದಿಯನ್ನು ಪ್ರವಾಸಕ್ಕೆಂದು ಈ ಕಡೆ ಕರೆತಂದರೆ ಹುಲಿಕೆರೆಗೂ ಬನ್ನಿ. ಕಲ್ಯಾಣಿಯ ಕೆಳಗಿನ ಮೆಟ್ಟಿಲ ಮೇಲೆ ನಿರ್ದೇಶಕರು ಕೂರಲಿ, ಹೊಸದಾಗಿ ಸೇರಿದವರು ಮೇಲಿನ ಮೆಟ್ಟಿಲಿಂದ ಮಾತಾಡಲಿ. ಫೋನು, ನೋಟ್‌ಬುಕ್ಕು ಬಸ್ಸಿನಲ್ಲೇ ಇರಲಿ.

ಇತಿ,
ಹುಲಿಕೆರೆಯ ಒಬ್ಬ ಮಾವ